ಮತ್ತೆ ಡೆಸ್ಕ್‌ಟಾಪಿಗೆ

ನಿನ್ನೆ ರಾತ್ರಿ ಕಂಪ್ಯೂಟರ್ ಆಟದಲ್ಲಿ ಕೋಟೆಯ ಕೊನೆಯ ಬಾಗಿಲು ತೆರೆಯುವಷ್ಟರಲ್ಲಿ ಪರದೆ ಸ್ತಬ್ಧವಾಗಿ, ಸ್ಪೀಕರಿನಲ್ಲಿ ಒಂದೇ ಸ್ವರ ಗರಗರನೆ ಸುತ್ತಿ, ಆಟವು ನನ್ನನ್ನು ಮೂರನೆಯ ಬಾರಿ ಡೆಸ್ಕ್‌ಟಾಪಿಗೆ ತಂದು ಬಿಟ್ಟಿತು. ಹತ್ತು ವರ್ಷ ದುಡಿದ ಕಂಪ್ಯೂಟರನ್ನು ಬೈಯಲು ಮನಸ್ಸು ಬಾರದೆ, ಬೆಳಿಗ್ಗೆ ಪಕ್ಕದ ಮುಚ್ಚಳ ಬಿಚ್ಚಿ ನೋಡಿದರೆ, ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ಲೋಹದ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅದನ್ನು ಬ್ರಷ್ಷಿನಿಂದ ತೆಗೆದು, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು (ಆ ಬಿಸಿಯನ್ನು ಪ್ರೊಸೆಸರಿನಿಂದ ಲೋಹಕ್ಕೆ ದಾಟಿಸುವ ಲೇಪ) ಬದಲಿಸಿದ ಮೇಲೆ, 95 ಡಿಗ್ರಿ ಮುಟ್ಟುತ್ತಿದ್ದ ಪ್ರೊಸೆಸರ್ 72ರ ಆಸುಪಾಸಿನಲ್ಲಿ ನಿಂತಿತು. ರೆಸಲ್ಯೂಶನ್ನನ್ನೂ 1920×1080ರಿಂದ 1280×720ಕ್ಕೆ ಇಳಿಸಿದೆ. ಚಿತ್ರ ತುಸು ಮಸುಕಾದರೂ ಗ್ರಾಫಿಕ್ಸ್ ಕಾರ್ಡ್ ಮೂಡಿಸಬೇಕಾದ ಚುಕ್ಕಿಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಆದರೂ 4 ಜಿಬಿ ರ‍್ಯಾಮ್ ತುಂಬಿದಾಗ ಆಟ ಕುಸಿಯುವುದು ಪೂರ್ತಿ ನಿಂತಿಲ್ಲ (ಬ್ರೌಸರ್ ಮುಚ್ಚಲು ಮರೆಯುವುದು ನನ್ನದೇ ತಪ್ಪು). ಆಡುವ ಜಾಣ್ಮೆಗಿಂತ ಸೇವ್ ಮಾಡುವ ಜಾಣ್ಮೆಯೇ ನನ್ನಲ್ಲಿ ಹೆಚ್ಚು ಬೆಳೆದಿದೆಯೇನೋ. ಈಗ ಪ್ರತಿ ಬಾಗಿಲಿನ ಮುಂದೆಯೂ ಬೆರಳು ತಾನಾಗಿಯೇ ಸೇವ್ ಮಾಡುವ ಎಫ್5 ಕೀಲಿ ಒತ್ತುತ್ತದೆ.