ಆರೋದಲ್ಲಿ ‘ಹೊಸದು’ ಕೇಳಿದರೆ ಹಳೆಯದೇ ಸಿಗುತ್ತದೆ

ಸ್ಪೇನಿನ ರಿಯೋಹಾ ಸೀಮೆಯಲ್ಲಿ ಆರೋ ಅಂತ ಒಂದು ಪುಟ್ಟ ಊರಿದೆ. ಹಳೆಯ ಬೊಡೇಗಾಗಳು, ಅಂದರೆ ವೈನ್ ಮನೆಗಳು, ಅಲ್ಲಿ ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡೇ ಇವೆ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಕೀಟ ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿತು. ಅಲ್ಲಿನ ಬೋರ್ಡೋ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇಲ್ಲಿಗೆ ಬಂದರು. ಪೀಪಾಯಿ ಸಾಗಿಸೋಕೆ ರೈಲು ಬೇಕಲ್ವಾ? ಇದರಿಂದ ನಮಗೊಂದು ಅನುಕೂಲ: ಕಾರು ಬೇಡ, ನಡೆದೇ ಮೂರ್ನಾಲ್ಕು ಕಡೆ ಸುತ್ತಬಹುದು.

ನಾನು ಹೋಗಿದ್ದು 1877ರಲ್ಲಿ ಶುರುವಾದ ಲೋಪೆಸ್ ದೆ ಎರೆದಿಯಾ ಬೊಡೇಗಾಗೆ. ಅವರ ‘ವಿನ್ಯಾ ತೊಂದೋನಿಯಾ’ ಕೆಂಪು ವೈನಿನ ಹೊಸ ವಿಂಟೇಜ್ ಬಂದಿದೆ ಅಂತ ಕೇಳಿದ್ದೆ. ಬಾಟಲಿ ನೋಡಿದರೆ ಹತ್ತು ವರ್ಷಕ್ಕೂ ಹಿಂದಿನ ಇಸವಿ! ತಪ್ಪು ನನ್ನದೇ. ವಿಂಟೇಜ್ ಅಂದರೆ ದ್ರಾಕ್ಷಿ ಕೊಯ್ದ ವರ್ಷ, ಮಾರಾಟಕ್ಕೆ ಬಂದ ವರ್ಷವಲ್ಲ. ರಿಯೋಹಾದಲ್ಲಿ ಎಷ್ಟು ಕಾಲ ಮಾಗಿಸಿದ್ದಾರೆ ಎಂಬುದರ ಮೇಲೆ ವೈನಿಗೆ ದರ್ಜೆಗಳಿವೆ: ನಿಯಮದಂತೆ ‘ರಿಸೆರ್ವಾ’ ದರ್ಜೆಯ ಕೆಂಪು ವೈನ್ ಕನಿಷ್ಠ 3 ವರ್ಷ, ‘ಗ್ರಾನ್ ರಿಸೆರ್ವಾ’ 5 ವರ್ಷ ಮಾಗಬೇಕು. ಇವರು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತಾರೆ.

ನೆಲಮಾಳಿಗೆಗೆ ಇಳಿಯುವಾಗ ಬೇಸಿಗೆಯಲ್ಲೂ ಜಾಕೆಟ್ ಹಾಕಿಕೊಳ್ಳಿ. ಬಾಟಲಿಗಳ ಮೇಲೆ ಕಪ್ಪು ಬೂಷ್ಟು, ಮೂಲೆಯಲ್ಲೆಲ್ಲ ತೆರೆಯಂತೆ ಇಳಿಬಿದ್ದ ಜೇಡರ ಬಲೆ. ಬೇಕೆಂದೇ ಗುಡಿಸದೆ ಬಿಟ್ಟಿದ್ದಾರೆ. ಕಾರ್ಕ್ ಕೊರೆಯುವ ಹುಳುಗಳನ್ನು ಜೇಡ ತಿಂದುಬಿಡುತ್ತದಂತೆ. ಇಷ್ಟೆಲ್ಲ ಹಳೆಯದರ ನಡುವೆ ಹೊರಗೆ ವಾಸ್ತುಶಿಲ್ಪಿ ಜಹಾ ಹದೀದ್ ವಿನ್ಯಾಸದ ಮಳಿಗೆಯೊಂದಿದೆ, ವೈನ್ ಬಗ್ಗಿಸುವ ಹೂಜಿಯ ಆಕಾರದ್ದು.

ಗ್ಲಾಸಿನಲ್ಲಿ ಬಂದದ್ದು ಕಡುಕೆಂಪಲ್ಲ, ಅಂಚಿನಲ್ಲಿ ಇಟ್ಟಿಗೆ ಬಣ್ಣ. ಒಣಗಿದ ಚೆರ್ರಿ ಮತ್ತು ಹಳೇ ಮರದ ಪೆಟ್ಟಿಗೆಯ ವಾಸನೆ, ನಾಲಿಗೆಗೆ ಹುಳಿ. ಸುಳ್ಳು ಯಾಕೆ, ಮೊದಲ ಗುಟುಕು ನನಗೆ ಹಿಡಿಸಲಿಲ್ಲ. ಇಪ್ಪತ್ತು ನಿಮಿಷ ಹಾಗೇ ಇಟ್ಟ ಮೇಲೆ ರುಚಿ ಹತ್ತಿತು. ಅವಸರ ಮಾಡಬೇಡಿ.

ಮೊದಲೇ ಬುಕ್ ಮಾಡಿಕೊಂಡೇ ಹೋಗಿ. ಇನ್ನೊಂದು ಬೊಡೇಗಾಗೆ ಸುಮ್ನೆ ಹೋದವನು ಗೇಟಿನಿಂದಲೇ ವಾಪಸಾದೆ. ಮಧ್ಯಾಹ್ನ 2ರ ಮೇಲೆ ಅಂಗಡಿಗಳು ಮುಚ್ಚುತ್ತವೆ, ರಾತ್ರಿ ಊಟ 9ಕ್ಕೆ ಮುಂಚೆ ಸಿಗುವುದು ಕಷ್ಟ. ಜೂನ್ 29ರಂದು ಊರಿಗೆ ಊರೇ ವೈನ್ ಎರಚಾಡುತ್ತದೆ; ಆಗ ಹೋಗುವುದಾದರೆ ರೂಮು ತಿಂಗಳುಗಳ ಮುಂಚೆಯೇ ಹಿಡಿಯಿರಿ. ಬಿಲ್ಬಾವೋ ನಗರದಿಂದ ರೈಲಿದೆ, ಆದರೆ ದಿನಕ್ಕೆ ಕೆಲವೇ. ವಾಪಸ್ ರೈಲಿನ ಸಮಯ ನೋಡಿಕೊಂಡು ಆಮೇಲೆ ಗ್ಲಾಸ್ ಎತ್ತಿ.

ಕೊಳ್ಳುವಾಗ ಬಾಟಲಿಯ ಹಿಂದಿನ ಅಧಿಕೃತ ಚೀಟಿ ನೋಡಿ: ನೀಲಿ ಇದ್ದರೆ ಗ್ರಾನ್ ರಿಸೆರ್ವಾ. ವಿಮಾನದಲ್ಲಿ ಕೈಚೀಲಕ್ಕೆ ಹಾಕಲು ಬಿಡುವುದಿಲ್ಲ. ನನ್ನ ಬಾಟಲಿ ಎರಡು ಸ್ವೆಟರ್ ಸುತ್ತಿಕೊಂಡು ದೊಡ್ಡ ಸೂಟ್‌ಕೇಸಿನಲ್ಲಿ ಬಂತು.