ಬಣ್ಣ ಬಳಿಯಲಾಗದ ಭಾಗದಿಂದಲೇ ಲೆಕ್ಕ ಶುರು

ಕಂಪ್ಯೂಟರಿನ ಒಳಭಾಗವನ್ನೆಲ್ಲ ಒಂದೇ ಬಣ್ಣದ ಥೀಮಿಗೆ ತರಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಸ್ ಆರಿಸುತ್ತಾರೆ, ಆಮೇಲೆ ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೆಣಗುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಯಾವ ಭಾಗಕ್ಕೆ ನಾವು ಬಣ್ಣ ಹಚ್ಚಲಾರೆವೋ ಅದನ್ನು ಅಳತೆಗೋಲಾಗಿ ಇಟ್ಟುಕೊಂಡು, ಹಚ್ಚಬಹುದಾದ ಭಾಗಗಳನ್ನು ಅದರತ್ತ ತರುವುದೇ ಸರಿ. ಹೆಚ್ಚಿನವರ ಪಾಲಿಗೆ ಆ ಭಾಗ ಗ್ರಾಫಿಕ್ಸ್ ಕಾರ್ಡ್. ಬಣ್ಣಕ್ಕಾಗಿ ಅದನ್ನು ಬಿಚ್ಚಿ ವಾರಂಟಿಯನ್ನು ಪಣಕ್ಕಿಡುವ ಧೈರ್ಯ ನನಗಂತೂ ಇಲ್ಲ. ನೊಕ್ಟುವಾ ಕಂಪನಿಯ ಕಂದು ಮತ್ತು ತಿಳಿಕಂದು ಫ್ಯಾನ್‌ಗಳನ್ನು ಹಲವರು ಆಡಿಕೊಳ್ಳುತ್ತಾರೆ, ಕಂಪನಿಯೇ ಕೊನೆಗೆ ಕಪ್ಪು ಬಣ್ಣದವನ್ನೂ ತಂದಿತು. ಆದರೆ ಆ ಕಂದನ್ನೇ ಮೂಲವಾಗಿಟ್ಟುಕೊಂಡು ಮರದ ಮುಂಭಾಗದ ಕೇಸ್ ಜೋಡಿಸಿದವರ ಕಂಪ್ಯೂಟರ್‌ಗಳು ನಾನು ನೋಡಿದವುಗಳಲ್ಲೆಲ್ಲ ಅಂದವಾದವು.

ನನ್ನ ಥೀಮ್ ಬಿಳಿ ಮತ್ತು ಗಾಢ ಹಸಿರು. ಬಿಳಿ ಎಂದರೆ ಸುಲಭ ಎಂದುಕೊಳ್ಳುವವರು ಎರಡು ಕಂಪನಿಗಳ ಬಿಳಿ ಭಾಗಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಬೇಕು: ನನ್ನ ಕಾರ್ಡಿನ ಬಿಳಿ ನೀಲಿಯತ್ತ ವಾಲಿದೆ, ಕೇಸಿನದು ಕೆನೆಯತ್ತ. ಇದಕ್ಕಿಂತ ತೊಡಕಿನ ಸಂಗತಿ ಎಂದರೆ, ಹಗಲಿನ ಬೆಳಕಿನಲ್ಲಿ ಒಂದೇ ಎನಿಸುವ ಎರಡು ಬಣ್ಣಗಳು ಬೇರೆ ದೀಪದ ಕೆಳಗೆ ಬೇರೆ ಬೇರೆಯಾಗಿ ಕಾಣಬಹುದು. ಕೇಸಿನೊಳಗೆ ಅಂಟಿಸುವ ಆರ್‌ಜಿಬಿ ದೀಪದ ಪಟ್ಟಿಯಲ್ಲಿ ಬರುವ ಬಿಳಿ ಬೆಳಕು ಕೆಂಪು, ಹಸಿರು, ನೀಲಿ ಎಲ್‌ಇಡಿಗಳು ಕೂಡಿ ಆದದ್ದು. ನಡುವಿನ ಬಣ್ಣಗಳು ಅದರಲ್ಲಿ ತೀರಾ ಕಡಿಮೆ ಇರುವುದರಿಂದ ಪೇಂಟಿನ ನಿಜವಾದ ಛಾಯೆ ಅದರಡಿ ಕಾಣುವುದಿಲ್ಲ. ಹಾಗಾಗಿ ಡಬ್ಬಿಯ ಮುಚ್ಚಳ ನೋಡಿ ಬಣ್ಣ ಕೊಳ್ಳುವ ಬದಲು, ಬೇಡದ ಒಂದು ಸ್ಲಾಟ್ ಕವರ್‌ಗೆ (ಕೇಸಿನ ಹಿಂಬದಿಯ ಖಾಲಿ ಕಿಂಡಿ ಮುಚ್ಚುವ ಪಟ್ಟಿಗೆ) ಹಚ್ಚಿ, ಒಣಗಿದ ಮೇಲೆ ಕೇಸಿನೊಳಗಿಟ್ಟು, ಗಾಜಿನ ಬಾಗಿಲು ಮುಚ್ಚಿ, ಒಳಗಿನ ದೀಪವನ್ನೇ ಹಾಕಿ ನೋಡುವುದು ಒಳ್ಳೆಯದು. ಗಾಜಿಗೆ ಹೊಗೆಬಣ್ಣವಿದ್ದರೆ ಅದೂ ಛಾಯೆಯನ್ನು ಒಂದಿಷ್ಟು ಮಂಕಾಗಿಸುತ್ತದೆ.

ಅತಿ ಹೆಚ್ಚು ತಾಳ್ಮೆ ಬೇಡುವುದು ಫ್ಯಾನ್. ಬಣ್ಣ ಹಚ್ಚಬೇಕಾದದ್ದು ಚೌಕಟ್ಟಿಗೆ ಮಾತ್ರ, ರೆಕ್ಕೆಗಳಿಗಲ್ಲ. ಒಂದು ರೆಕ್ಕೆಯ ಮೇಲೆ ಬಣ್ಣ ತುಸು ದಪ್ಪಗೆ ಕುಳಿತರೂ ತೂಕದ ಸಮತೋಲ ತಪ್ಪಿ ಫ್ಯಾನ್ ನಡುಗುತ್ತದೆ, ಸದ್ದು ಹೆಚ್ಚುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಮೂಲೆಗಳ ರಬ್ಬರ್ ತುಂಡುಗಳನ್ನು ಕಿತ್ತಿಟ್ಟು, ರೆಕ್ಕೆಗಳನ್ನೂ ನಡುವಿನ ಮೋಟಾರನ್ನೂ ಮಾಸ್ಕಿಂಗ್ ಟೇಪಿನಿಂದ ಪೂರ್ತಿ ಮುಚ್ಚಿ, ಚೌಕಟ್ಟನ್ನು 600 ಗ್ರಿಟ್‌ನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು. ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದರೆ ಬೆರಳಿನ ಜಿಡ್ಡು ಹೋಗುತ್ತದೆ. ಜಿಡ್ಡು ಉಳಿದಲ್ಲಿ ಬಣ್ಣ ಮೀನಿನ ಕಣ್ಣಿನಂತೆ ಸಣ್ಣ ಗುಳಿಗಳಾಗಿ ಬಿಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರ್ ಮೊದಲು, ಅದರ ಮೇಲೆ ಬಣ್ಣದ ತೆಳು ಪದರಗಳು. ಸ್ಪ್ರೇಯನ್ನು ಭಾಗದ ಅಂಚಿನಿಂದಾಚೆ ಒತ್ತಿ, ಮೇಲೆ ಹಾಯಿಸಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಟ್ಟರೆ ಬಣ್ಣ ಸೋರಿ ಗೆರೆ ಬೀಳುವುದಿಲ್ಲ. ಚೌಕಟ್ಟಿನ ಒಳಗೋಡೆಗೆ ನಾನು ಬಣ್ಣ ಹಚ್ಚುವುದೇ ಇಲ್ಲ, ಏಕೆಂದರೆ ರೆಕ್ಕೆಯ ತುದಿಗೂ ಅದಕ್ಕೂ ಇರುವ ಸಂದು ತೀರಾ ಕಿರಿದು. ಮುಟ್ಟಿದರೆ ಅಂಟದಷ್ಟು ಒಣಗಲು ಒಂದು ಗಂಟೆ ಸಾಕಾದರೂ, ಉಗುರಿನ ಗುರುತು ಬೀಳದಷ್ಟು ಗಟ್ಟಿಯಾಗಲು ದಿನಗಳೇ ಬೇಕು. ಅಷ್ಟರೊಳಗೆ ಸ್ಕ್ರೂ ಬಿಗಿದರೆ ಅದರ ತಲೆಯ ಸುತ್ತ ಬಣ್ಣ ಸುಲಿದು ಬರುತ್ತದೆ.

ಸ್ಕ್ರೂಗಳ ಕೆಲಸ ಸಣ್ಣದು. ರಟ್ಟಿನ ಪೆಟ್ಟಿಗೆಯ ಮೇಲ್ಮೈಗೆ ಅವನ್ನು ಸಾಲಾಗಿ ಚುಚ್ಚಿ ನಿಲ್ಲಿಸಿದರೆ ತಲೆಗಳಷ್ಟೇ ಹೊರಗುಳಿಯುತ್ತವೆ, ಹಲ್ಲುಗಳಿಗೆ ಬಣ್ಣ ತಾಗುವುದಿಲ್ಲ. ಸ್ಕ್ರೂಡ್ರೈವರ್ ತಗುಲಿದರೆ ಬಣ್ಣ ಏಳುವುದರಿಂದ, ಕೈಯಲ್ಲೇ ತಿರುಗಿಸುವ ಥಂಬ್ ಸ್ಕ್ರೂಗಳಿಗೆ ಮಾತ್ರ ಇದು ಹೊಂದುತ್ತದೆ. ಮದರ್‌ಬೋರ್ಡ್ ಕೂರುವ ಸ್ಟ್ಯಾಂಡಾಫ್‌ಗಳು, ಪವರ್ ಸಪ್ಲೈ ಕೇಸಿಗೆ ತಾಗುವ ಜಾಗ, ಹಿಂಭಾಗದ ಪೋರ್ಟ್‌ಗಳ ಸುತ್ತಲಿನ ಲೋಹದ ತಗಡಾದ ಐ/ಓ ಶೀಲ್ಡಿನ ಅಂಚು, ಇವುಗಳ ಲೋಹ ಬರಿದಾಗಿಯೇ ಇರಲಿ; ಅರ್ತಿಂಗ್ ಸಂಪರ್ಕ ಅಲ್ಲಿಂದಲೇ ಆಗುತ್ತದೆ. ಲೋಹದ ಭಾಗಗಳಿಗೆ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಶಾಖದಿಂದ ಕರಗಿಸಿ ಹಿಡಿಸುವ ವಿಧಾನ) ಹೆಚ್ಚು ಬಾಳಿಕೆ ಬರುವುದು ನಿಜ, ಆದರೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಬೇಕಾದ್ದರಿಂದ ಪ್ಲಾಸ್ಟಿಕ್ ಮತ್ತು ರಬ್ಬರ್ ಅಷ್ಟನ್ನೂ ಮೊದಲೇ ತೆಗೆದಿರಬೇಕು.

ಕೇಬಲ್‌ಗಳಿಗೆ ಬಣ್ಣದ ಹೆಣಿಗೆ ಹೊದಿಕೆ ಬೇಕಿದ್ದರೆ ಮೂಲ ಕೇಬಲ್‌ಗಳ ತುದಿಗೆ ಸೇರಿಸುವ 24 ಪಿನ್‌ನ ಮತ್ತು 8 ಪಿನ್‌ನ ಎಕ್ಸ್‌ಟೆನ್ಶನ್‌ಗಳೇ ಸುರಕ್ಷಿತ. ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಕಳಚಬಹುದಾದ, ಪವರ್ ಸಪ್ಲೈ ಬದಿಯ ಪಿನ್‌ಗಳ ಜೋಡಣೆಗೆ ಎಲ್ಲರೂ ಪಾಲಿಸುವ ಒಂದು ನಿಯಮವಿಲ್ಲ; ಬೇರೆ ಮಾದರಿಯ ಕೇಬಲ್ ಚುಚ್ಚಿದರೆ ಹಾರ್ಡ್ ಡ್ರೈವ್ ಸುಟ್ಟುಹೋಗಬಹುದು. ದೀಪದ ಪಟ್ಟಿಯಲ್ಲಿಯೂ ಇದೇ ಎಚ್ಚರ ಬೇಕು: 5 ವೋಲ್ಟಿನ ಮೂರು ಪಿನ್‌ನದನ್ನು ಮದರ್‌ಬೋರ್ಡಿನ 12 ವೋಲ್ಟಿನ ನಾಲ್ಕು ಪಿನ್‌ನ ಹೆಡರ್‌ಗೆ (ಕೇಬಲ್ ಚುಚ್ಚುವ ಜಾಗಕ್ಕೆ) ತುರುಕಿದರೆ ಎಲ್‌ಇಡಿಗಳು ಹೋದಂತೆಯೇ. ಹಸಿರು ಕೇಬಲ್ ಕೊಳ್ಳುವಾಗ ನಾನು ಪೇಂಟಿಗಿಂತ ಒಂದು ಛಾಯೆ ತಿಳಿಯಾದದ್ದನ್ನೇ ಆರಿಸಿದೆ, ಏಕೆಂದರೆ ಹೆಣಿಗೆಯ ಎಳೆಗಳ ನಡುವೆ ನೆರಳು ಬಿದ್ದು ಬಣ್ಣ ಕಡುವಾಗಿ ಕಾಣುತ್ತದೆ. ತಂತಿಗಳನ್ನು ಸಾಲಾಗಿ ಹಿಡಿದಿಡುವ ಕೇಬಲ್ ಬಾಚಣಿಗೆಗಳನ್ನು 3ಡಿ ಪ್ರಿಂಟ್ ಮಾಡಿಸುವವರು ಪಿಎಲ್‌ಎ ಪ್ಲಾಸ್ಟಿಕ್ ಬಿಟ್ಟು ಪಿಇಟಿಜಿ ಪ್ಲಾಸ್ಟಿಕ್ ಬಳಸಲಿ. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ, ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಆ ಶಾಖ ದೊಡ್ಡದೇನಲ್ಲ.

ಕೇಬಲ್ ಹಾಯುವ ರಂಧ್ರಗಳ ಅಂಚಿಗೆ ಹಾಕಿರುವ ರಬ್ಬರ್ ಗ್ರಾಮೆಟ್‌ಗಳಿಗೆ ಮಾತ್ರ ಸ್ಪ್ರೇ ಪೇಂಟ್ ಒಗ್ಗುವುದಿಲ್ಲ, ರಬ್ಬರ್ ಬಾಗಿದಾಗಲೆಲ್ಲ ಬಣ್ಣ ಬಿರಿದು ಉದುರುತ್ತದೆ. ಅವನ್ನು ನಾನು ಕಪ್ಪಾಗಿಯೇ ಬಿಟ್ಟಿದ್ದೇನೆ. ಹಸಿರು ಕೇಬಲ್‌ಗಳು ಹೊರಬರುವ ಜಾಗವಾದ್ದರಿಂದ ಆ ಕಪ್ಪು ಅಂಚು ಕಣ್ಣಿಗೆ ಚುಚ್ಚುವುದೂ ಇಲ್ಲ.