ಅರ್ಧ ಮಿಲಿಮೀಟರ್

ತಪ್ಪೊಪ್ಪಿಗೆಯೊಂದರಿಂದ ಆರಂಭಿಸುತ್ತೇನೆ. 1997ರ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಮೆಕ್ಯಾನಿಕಲ್ ಪ್ರಯೋಗಶಾಲೆಯಿಂದ ಒಂದು ಸ್ಪ್ರಿಂಗ್ ಕಾಣೆಯಾಗಿತ್ತು. ದಾಸ್ತಾನು ಪುಸ್ತಕ ಹಿಡಿದುಕೊಂಡು ಲ್ಯಾಬ್ ಸಹಾಯಕರು ವಾರವಿಡೀ ಹುಡುಕಿದರು. ಅದನ್ನು ಒಯ್ದವನು ನಾನು. ಇಷ್ಟು ವರ್ಷಗಳ ಮೇಲೆ ದಂಡ ಹಾಕುವುದಾದರೆ ಕಟ್ಟುತ್ತೇನೆ. ಸ್ಪ್ರಿಂಗನ್ನು ಮಾತ್ರ ಕೇಳಬೇಡಿ.

ಕೊನೆಯ ವರ್ಷದಲ್ಲಿ ಫೈನೈಟ್ ಎಲಿಮೆಂಟ್, ಅಂದರೆ ವಸ್ತುವೊಂದನ್ನು ಸಣ್ಣ ತುಂಡುಗಳಾಗಿ ಒಡೆದು ಅದು ಎಷ್ಟು ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಲೆಕ್ಕ ಹಾಕುವ ವಿಧಾನ, ಐಚ್ಛಿಕ ವಿಷಯವಾಗಿತ್ತು. ಗಣಿತಕ್ಕೆ ಹೆದರಿ ಹೆಚ್ಚಿನವರು ಬೇರೆ ವಿಷಯಗಳ ಕಡೆಗೆ ಓಡಿದರು. ನಾನು ಜ್ಞಾನದಾಹದಿಂದ ಅದನ್ನು ಆರಿಸಿಕೊಂಡೆ ಎಂದರೆ ಸುಳ್ಳಾಗುತ್ತದೆ. ಕಲಿಸುವ ಸರ್ ಧಾರವಾಡದ ಕಡೆಯವರು, ಎದುರು ಸಿಕ್ಕರೆ ಕನ್ನಡದಲ್ಲಿ ಮಾತನಾಡಿಸುತ್ತಾರೆ ಎಂಬುದಷ್ಟೇ ಕಾರಣ. ನಮ್ಮ ಅಪ್ಪ ಇಂಡಿ ತಾಲ್ಲೂಕಿನಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್ ಎಂದು ನಾಲಗೆಯನ್ನು ಮೂರು ಪಾಲು ಮಾಡಿಕೊಂಡಿದ್ದ ನನಗೆ, ಕಾಲೇಜಿನ ಆವರಣದಲ್ಲಿ ಒಂದು ಕನ್ನಡದ ಮಾತು ಕಿವಿಗೆ ಬಿದ್ದರೆ ಆ ದಿನ ಊಟ ರುಚಿಸುತ್ತಿತ್ತು.

ಮೊದಲ ತರಗತಿಗೆ ಸರ್ ಪುಸ್ತಕ ತರಲಿಲ್ಲ. ಜುನಾ ಬಜಾರಿನಿಂದ ಕೊಂಡು ತಂದ ಎರಡು ಹಳೆಯ ಸ್ಪ್ರಿಂಗುಗಳನ್ನು ಒಂದರ ಕೆಳಗೊಂದು ಕೊಕ್ಕೆ ಹಾಕಿ ಕಿಟಕಿಯ ಸರಳಿಗೆ ನೇತುಹಾಕಿದರು. ಕೊಂಡದ್ದು ತಮ್ಮ ದುಡ್ಡಿನಿಂದ, ಆದರೂ ದಾಸ್ತಾನು ಪುಸ್ತಕದಲ್ಲಿ ಬರೆಸಿದ್ದರು, ಅಂಥ ಮನುಷ್ಯ. ಮೇಲಿನದನ್ನು ಒಂದು ಮಿಲಿಮೀಟರ್ ಹಿಗ್ಗಿಸಲು 10 ನ್ಯೂಟನ್ ಬಲ ಬೇಕು, ಕೆಳಗಿನದಕ್ಕೆ 20 ಎಂದರು. ಸ್ಪ್ರಿಂಗುಗಳ ತುದಿಗಳಿಗೆ ನೋಡ್ ಎಂಬ ಹೆಸರಿದೆ. ಮರಾಠಿ ಹುಡುಗರಿಗೆ ಅದು ಗಾಠ್ ಆಯಿತು, ನನ್ನ ಕಡೆ ತಿರುಗಿ ‘ಗಂಟು’ ಎಂದರು. ಇಲ್ಲಿ ಮೂರು ಗಂಟುಗಳು. ಒಂದೊಂದು ಸ್ಪ್ರಿಂಗಿಗೂ ಒಂದು ಪುಟ್ಟ ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಚೌಕ, ಬರೆದು, ಎರಡನ್ನೂ ನಡುವಿನ ಗಂಟಿನಲ್ಲಿ ಕೂಡಿಸಿದಾಗ ಹಲಗೆಯ ಮೇಲೆ ಮೂರು ಸಾಲುಗಳು ಮೂಡಿದವು: 10, -10, 0, ಅದರ ಕೆಳಗೆ -10, 30, -20, ಕೊನೆಗೆ 0, -20, 20. ನಡುವೆ 30 ಬಂದದ್ದು ಎರಡೂ ಸ್ಪ್ರಿಂಗುಗಳ ಬಿಗಿತ ಅಲ್ಲಿ ಸೇರಿದ್ದರಿಂದ. ವಿಮಾನದ ರೆಕ್ಕೆಯಾದರೂ ಸೇತುವೆಯಾದರೂ ಮಾಡುವುದು ಇದನ್ನೇ, ಸಾಲುಗಳು ಮೂರರ ಬದಲು ಮೂರು ಲಕ್ಷ ಆಗಬಹುದು ಎಂದರು. ನಮಗೆ ನಂಬಿಕೆ ಬರಲಿಲ್ಲ.

‘ಪ್ರತಿ ಸಾಲನ್ನೂ ಕೂಡಿಸಿ ನೋಡಿ’ ಎಂದರು. ಮೂರೂ ಸೊನ್ನೆ. ಇಡೀ ಸರಪಳಿಯನ್ನು ಎತ್ತಿ ಪಕ್ಕಕ್ಕಿಟ್ಟರೆ ಯಾವ ಸ್ಪ್ರಿಂಗೂ ಹಿಗ್ಗುವುದಿಲ್ಲ, ಬಲವೂ ಹುಟ್ಟುವುದಿಲ್ಲ. ಆ ಸೊನ್ನೆ ಹೇಳುತ್ತಿರುವುದು ಅದನ್ನೇ. ಎಲ್ಲಾದರೂ ಒಂದು ಕಡೆ ಹಿಡಿದು ನಿಲ್ಲಿಸದ ಹೊರತು ಈ ಸಮೀಕರಣಗಳಿಗೆ ಒಂದೇ ಒಂದು ಉತ್ತರ ಎಂಬುದಿಲ್ಲ. ಮೇಲಿನ ಗಂಟು ಕಿಟಕಿಗೆ ಕಟ್ಟಿದೆಯಲ್ಲ, ಅದರ ಅಡ್ಡಸಾಲನ್ನೂ ಕಂಬಸಾಲನ್ನೂ ಅಳಿಸಿದರು. ಉಳಿದ ಎರಡು ಸಮೀಕರಣಗಳನ್ನು ನಾವೇ ಬಿಡಿಸಿದೆವು. 60 ನ್ಯೂಟನ್ ಎಳೆದರೆ ನಡುವಿನ ಗಂಟು 6 ಮಿಲಿಮೀಟರ್ ಇಳಿಯಬೇಕು, ಕೆಳಗಿನದು 9. ಆಮೇಲೆ ಆರು ಕಿಲೋ ತೂಕದ ಕಲ್ಲುಗಳನ್ನು ನೇತುಹಾಕಿ ಅಳೆದರು. ಕೆಳಗಿನ ಗಂಟು ಇಳಿದದ್ದು ಒಂಬತ್ತೂವರೆ. ‘ಈ ಅರ್ಧ ಮಿಲಿಮೀಟರ್ ಎಲ್ಲಿಂದ ಬಂತು, ಹುಡುಕಿ’ ಎಂದು ಹೇಳಿ ಸೀಮೆಸುಣ್ಣದ ಕೈ ಒರೆಸಿಕೊಂಡು ಹೊರಟುಹೋದರು. ಉತ್ತರವನ್ನು ಅವರು ಕೊನೆಯವರೆಗೂ ಹೇಳಲಿಲ್ಲ.

ತ್ರಿಕೋನಗಳ ಪಾಠ ಬಂದಾಗ ಕೌದಿ ಬಂತು. ದೊಡ್ಡ ಆಕಾರವನ್ನು ಸಣ್ಣ ತುಂಡುಗಳಾಗಿ ಒಡೆದು ಒಂದೊಂದರೊಳಗೂ ಸರಳ ಲೆಕ್ಕ ಇಟ್ಟುಕೊಳ್ಳುವ ಉಪಾಯವನ್ನು ಗಣಿತಜ್ಞ ಕೂರಂಟ್ 1943ರಲ್ಲೇ ತ್ರಿಕೋನಗಳ ಮೇಲೆ ತೋರಿಸಿದ್ದರು. ಕೈಲೆಕ್ಕದ ಆ ಕಾಲದಲ್ಲಿ ಅದು ಹೆಚ್ಚು ಮುಂದಕ್ಕೆ ಹೋಗಲಿಲ್ಲ. ಕಂಪ್ಯೂಟರ್ ಬಂದ ಮೇಲೆ ವಿಮಾನ ಕಟ್ಟುವವರು ಅದೇ ದಾರಿಗೆ ತಾವಾಗಿ ಬಂದರು. ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನು ಎಂಜಿನಿಯರ್ ಕ್ಲಫ್ ಇಟ್ಟದ್ದು 1960ರಲ್ಲಿ. ಇಷ್ಟು ಚರಿತ್ರೆ ಹೇಳಿ ಮುಗಿಸಿ ಸರ್ ಕೇಳಿದರು: ‘ಗೋಧಡಿ ಹೊಲಿಯುವಾಗ ಎರಡು ತುಂಡುಗಳ ಅಂಚು ಬಾಯಿ ಬಿಟ್ಟರೆ ಏನಾಗುತ್ತದೆ?’ ನನ್ನ ಅವ್ವ ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದಳು. ಹತ್ತಿ ಹೊರಗೆ ಬರುತ್ತದೆ ಎಂದು ಯಾರೋ ಹೇಳಿದರು. ಕೌದಿಯಲ್ಲಿ ಹತ್ತಿ ಇರುವುದಿಲ್ಲ, ಬಟ್ಟೆಯ ಮೇಲೆ ಬಟ್ಟೆ ಅಷ್ಟೇ, ಎಂದು ನಾನು ವಾದಕ್ಕೆ ನಿಂತೆ. ಅಕ್ಕಪಕ್ಕದ ತುಂಡುಗಳು ಗಂಟಿನಲ್ಲಿ ಮಾತ್ರವಲ್ಲ, ಇಡೀ ಅಂಚಿನಲ್ಲೂ ಕೂಡಿಯೇ ಸರಿಯಬೇಕು ಎಂಬ ನಿಯಮ ಆ ಜಗಳದಲ್ಲಿ ನನ್ನ ತಲೆಯಲ್ಲಿ ಕೂತಿತು. ಅಂದಿನಿಂದ ಸರ್ ನನ್ನ ಮೆಶ್, ಅಂದರೆ ತುಂಡುಗಳ ಜಾಲ, ನೋಡಲು ಬಂದಾಗಲೆಲ್ಲ ‘ಕೌದಿ ಎಲ್ಲಿಗೆ ಬಂತು?’ ಎಂದೇ ಕೇಳುತ್ತಿದ್ದರು.

ಆ ಕೌದಿಯೇ ನನ್ನ ಮಾನ ಕಳೆಯಿತು. ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾವೇ ಬರೆದ ಪ್ರೋಗ್ರಾಮು. ಒಂದು ತುದಿ ಗೋಡೆಯಲ್ಲಿ ನೆಟ್ಟ ಉಕ್ಕಿನ ಪಟ್ಟಿ: ಉದ್ದ 200 ಮಿಲಿಮೀಟರ್, ದಪ್ಪ 10, ಎತ್ತರ 20, ತುದಿಯಲ್ಲಿ 100 ನ್ಯೂಟನ್. ಎತ್ತರಕ್ಕೆ ಒಂದೇ ಸಾಲು ತ್ರಿಕೋನ ಹಾಕಿ ಓಡಿಸಿದೆ. ತುದಿ 0.05 ಮಿಲಿಮೀಟರಿನ ಆಸುಪಾಸಿನಲ್ಲಿ ಬಾಗಿತು. ಹೆಮ್ಮೆಯಿಂದ ತೋರಿಸಿದೆ. ಸರ್ ನನ್ನ ಪೆನ್ಸಿಲನ್ನೇ ತೆಗೆದುಕೊಂಡು, ಎರಡನೇ ವರ್ಷದಲ್ಲಿ ಎಲ್ಲರೂ ಉರುಹೊಡೆಯುವ ಸೂತ್ರವನ್ನು ಕಾಗದದ ಅಂಚಿನಲ್ಲಿ ಬರೆದರು. 0.2. ನನ್ನದು ಅದರ ಕಾಲು ಭಾಗ! ಆ ತ್ರಿಕೋನದೊಳಗೆ ಹಿಗ್ಗುವಿಕೆಯ ಪ್ರಮಾಣ ಎಲ್ಲೆಡೆ ಒಂದೇ. ಬಾಗುವ ಪಟ್ಟಿಯಲ್ಲಾದರೋ ಮೇಲಂಚು ಹಿಗ್ಗುತ್ತದೆ, ಕೆಳಗಿನದು ಕುಗ್ಗುತ್ತದೆ. ಬಾಗಲು ಬಾರದ ತುಂಡುಗಳಿಗೆ ಬಾಗು ಎಂದಿದ್ದೆ. ಅವು ಮೊಂಡು ಹಿಡಿದಿದ್ದವು. ‘ಕಂಪ್ಯೂಟರ್ ನಿನಗೆ ತಪ್ಪು ಎಂದು ಹೇಳಿತೇನು?’ ಎಂದು ಕೇಳಿದರು. ಇಲ್ಲ ಎಂದೆ. ‘ಹೇಳುವುದೇ ಇಲ್ಲ. ಗುಂಡಿ ಒತ್ತುವ ಮೊದಲು ಉತ್ತರ ಎಷ್ಟು ಬರಬೇಕೆಂದು ಕೈಯಲ್ಲಿ ಬರೆದಿಡು.’ ಆ ಪ್ರಯೋಗಕ್ಕೆ ಹತ್ತಕ್ಕೆ ಎರಡು ಅಂಕ ಕೊಟ್ಟರು. ಒಂದು ಅಂಕ ಅಕ್ಷರ ದುಂಡಗಿದ್ದುದಕ್ಕಂತೆ.

ಸ್ಲೈಪ್ನರ್ ಕತೆಯನ್ನು ಅವರು ಹೇಳಿದ್ದು ಅದೇ ವಾರ. ನಾರ್ವೆಯಲ್ಲಿ ಸಮುದ್ರದೊಳಗಿನ ಅನಿಲ ತೆಗೆಯಲು ಕಟ್ಟುತ್ತಿದ್ದ ವೇದಿಕೆ. ಅದರ ಕಾಂಕ್ರೀಟಿನ ಬುಡವನ್ನು ಪರೀಕ್ಷೆಗೆಂದು ಸ್ಟಾವೆಂಜರ್ ಬಳಿಯ ಕಡಲ ಕವಲಿನಲ್ಲಿ ಮೆಲ್ಲಗೆ ಮುಳುಗಿಸುತ್ತಿದ್ದಾಗ, 1991ರ ಆಗಸ್ಟ್ 23ರಂದು, ಗೋಡೆ ಬಿರಿದು ಅದು ತಳ ಸೇರಿತು. ಜೀವಹಾನಿ ಆಗಲಿಲ್ಲ. ನಷ್ಟ ಸುಮಾರು 70 ಕೋಟಿ ಡಾಲರ್. ಬುಡದ ಟೊಳ್ಳು ಕೋಶಗಳು ಕೂಡುವ ಮೂಲೆಯಲ್ಲಿ ಮೆಶ್ ಒರಟಾಗಿದ್ದರಿಂದ ಕತ್ತರಿಸುವ ಒತ್ತಡವನ್ನು 47 ಶೇಕಡಾ ಕಡಿಮೆ ಲೆಕ್ಕ ಹಾಕಿದ್ದರು. ಅಲ್ಲಿ ಕಬ್ಬಿಣದ ಸರಳುಗಳ ಜೋಡಣೆಯೂ ಸಾಲದಾಗಿತ್ತು. ಆಮೇಲೆ ಎಚ್ಚರದಿಂದ ಮತ್ತೆ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದು ಬಂತು. ನಿಜಕ್ಕೂ ಒಡೆದದ್ದು 65ರಲ್ಲಿ. ರಾತ್ರಿ ಊಟಕ್ಕೆ ಕುಳಿತಾಗ ಇದನ್ನು ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ: ‘ಮೂಲೆಯಲ್ಲಿ ಸರಳನ್ನು ಎಲ್ಲಿಯವರೆಗೆ ಒಯ್ದಿದ್ದರು?’ ತನಿಖೆ ಮಾಡಿದವರೂ ಅದನ್ನೇ ಕೇಳಿದ್ದರು.

ಮೆಶ್ ನವಿರಾದಷ್ಟೂ ಉತ್ತರ ಸರಿಯಾಗುತ್ತದೆ ಎಂದುಕೊಂಡು ನಾನು ಮತ್ತೊಂದು ಹಳ್ಳಕ್ಕೆ ಬಿದ್ದೆ. ಪುಣೆ ಬಳಿಯ ಭೋಸರಿಯ ಒಂದು ಸಣ್ಣ ಕಾರ್ಖಾನೆಗಾಗಿ ಮಾಡಿದ ಪ್ರಾಜೆಕ್ಟು, ಎಲ್ ಆಕಾರದ ಬ್ರಾಕೆಟ್. ಒಳಮೂಲೆಯ ಒತ್ತಡ 180 ಮೆಗಾಪ್ಯಾಸ್ಕಲ್ ಬಂತು. ತುಂಡುಗಳನ್ನು ಅರ್ಧ ಮಾಡಿದೆ, 245. ಮತ್ತೆ ಅರ್ಧ, 335. ಎರಡು ರಾತ್ರಿ ನಿದ್ದೆಗೆಟ್ಟೆ. ಚೂಪು ಒಳಮೂಲೆಗೆ ಗಣಿತದಲ್ಲಿ ಒತ್ತಡ ಅನಂತ. ಮೆಶ್ ಅದರ ಬೆನ್ನು ಹತ್ತಿದರೆ ಏರುತ್ತಲೇ ಹೋಗುತ್ತದೆ. ಸರ್ ಅದನ್ನು ಬಾಯಲ್ಲಿ ಹೇಳದೆ ನನ್ನನ್ನು ಭೋಸರಿಗೆ ಕಳಿಸಿ, ನಿಜವಾದ ಬ್ರಾಕೆಟ್ಟಿನ ಮೂಲೆಯ ಮೇಲೆ ಬೆರಳಾಡಿಸಿ ಬಾ ಎಂದರು. ಅಲ್ಲಿ ದುಂಡಗಿತ್ತು. ಆ ದುಂಡನ್ನು ಮಾದರಿಯಲ್ಲಿ ತಂದ ಮೇಲೆ ಸಂಖ್ಯೆ ಒಂದೆಡೆ ನಿಂತಿತು.

ಕೆಲಸಕ್ಕೆ ಸೇರಿದ ಮೇಲೂ ಎಡವಿದ್ದೇನೆ. ಬೋಲ್ಟ್ ಹಾಕಿದ ಜಾಗವನ್ನು ಕಲ್ಲಿನಂತೆ ಕದಲದ್ದು ಎಂದು ಲೆಕ್ಕ ಹಿಡಿದು, ಪರೀಕ್ಷೆಯಲ್ಲಿ ತುಂಡು ಒತ್ತಡ ಹೆಚ್ಚೆಂದು ನಾನು ಚಿತ್ರದಲ್ಲಿ ತೋರಿಸಿದ ಕೆಂಪು ಬಣ್ಣದ ಜಾಗ ಬಿಟ್ಟು, ಒತ್ತಡ ಕಡಿಮೆಯೆಂದ ತಣ್ಣನೆಯ ನೀಲಿಯಲ್ಲಿ ಮುರಿದಾಗ, ನಾಲ್ಕು ಜನರ ಮುಂದೆ ಕತ್ತು ಬಗ್ಗಿಸಿದ್ದೇನೆ. ಅದರ ವಿವರ ಬೇಡ.

ಈ ಲೇಖನಕ್ಕಾಗಿ ಹಳೆಯ ಟ್ರಂಕು ತೆರೆದೆ. ಅವ್ವನ ಕೌದಿಯ ಕೆಳಗೆ ಆ ಸ್ಪ್ರಿಂಗ್ ಸಿಕ್ಕಿತು. ಕೆಳಗಿನದು, 20 ನ್ಯೂಟನ್ನಿನದು. ಅಂದು ಅರ್ಧ ಮಿಲಿಮೀಟರನ್ನು ಹುಡುಕಲೆಂದೇ ಕಿಸೆಗೆ ಹಾಕಿಕೊಂಡಿದ್ದೆ, ಹುಡುಕಿರಲಿಲ್ಲ. ಭಾನುವಾರ ಬಾಲ್ಕನಿಯ ಕೊಕ್ಕೆಗೆ ಅದನ್ನು ಸಿಕ್ಕಿಸಿ ಆರು ಕಿಲೋ ಅಕ್ಕಿಯ ಚೀಲ ತೂಗುಹಾಕಿದೆ. ಮೂರು ಮಿಲಿಮೀಟರ್ ಎಂದು ಗೋಡೆಯ ಮೇಲೆ ಮೊದಲೇ ಪೆನ್ಸಿಲಿನಲ್ಲಿ ಬರೆದಿದ್ದೆ. ವರ್ನಿಯರ್ ಹಿಡಿದು ಅಳೆದೆ. ಮೂರೂವರೆ.